ಲೈಸೆನ್ಸ್ ಇದೆಯಂತೆ, ಯಾರು ಕೊಟ್ಟದ್ದು?

(ವಾರ್ಷಿಕೋತ್ಸವದ ಸಭೆಯಲ್ಲಿ ಆಡಿದ ಮಾತು)



ಆನ್‌ಲೈನ್ ಕ್ಯಾಸಿನೋ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಕೆಳಗಡೆ ಒಂದು ಮುದ್ರೆ: 'ಲೈಸೆನ್ಸ್ ಪಡೆದ ಸಂಸ್ಥೆ'. ಲೈಸೆನ್ಸ್ ಇದೆಯಲ್ಲ ಅಣ್ಣ, ಮತ್ತೇನು ಭಯ ಅಂತ ಹುಡುಗರು ಕೇಳ್ತಾರೆ. ಅದಕ್ಕೆ ಉತ್ತರ ಹೇಳೋಣ ಅಂತಲೇ ನಿಂತಿದ್ದೇನೆ.

ಲೈಸೆನ್ಸ್ ಅನ್ನೋದು ಎಲ್ಲ ಕಡೆ ಬರೀ ಕಾಗದವಲ್ಲ. ಬ್ರಿಟನ್ನಿನಲ್ಲಿ 2005ರ ಕಾಯ್ದೆಯಂತೆ ಜೂಜಿಗೆಂದೇ ಒಂದು ಆಯೋಗವಿದೆ. ಅದರ ಲೈಸೆನ್ಸ್ ಪಡೆದ ಕಂಪನಿ, ಆಟಗಾರನ ವಯಸ್ಸು ಖಚಿತವಾಗುವ ತನಕ ಹಣ ಕಟ್ಟಿಸಿಕೊಳ್ಳುವಂತಿಲ್ಲ. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ, ಅಂದರೆ ಸಾಲದ ದುಡ್ಡಿನಲ್ಲಿ, ಆಡಿಸುವಂತಿಲ್ಲ. 'ನನ್ನನ್ನು ಆಡಲು ಬಿಡಬೇಡಿ' ಎಂದು ಆಟಗಾರನೇ ಗ್ಯಾಮ್‌ಸ್ಟಾಪ್ ಎಂಬಲ್ಲಿ ಹೆಸರು ಬರೆಸಿದರೆ, ಲೈಸೆನ್ಸ್ ಇರುವ ಎಲ್ಲ ಸೈಟುಗಳೂ ಅವನಿಗೆ ಬಾಗಿಲು ಹಾಕಬೇಕು. 2025ರಿಂದ ಸ್ಲಾಟ್ ಆಟದಲ್ಲಿ ಒಂದು ಸಲಕ್ಕೆ 5 ಪೌಂಡ್ ಮಿತಿ, 18ರಿಂದ 24 ವಯಸ್ಸಿನವರಿಗೆ 2 ಪೌಂಡ್. ಹೊಸದಾಗಿ ಬಂದ ಒಬ್ಬ 20 ನಿಮಿಷದಲ್ಲಿ 23,000 ಪೌಂಡ್ ಕಳೆಯುತ್ತಿದ್ದರೂ ಕೇಳದೆ ಬಿಟ್ಟದ್ದೂ ಸೇರಿದಂತೆ ಹಲವು ತಪ್ಪಿಗೆ ವಿಲಿಯಂ ಹಿಲ್ ಗುಂಪಿನ ಕಂಪನಿಗಳು 2023ರಲ್ಲಿ 1.92 ಕೋಟಿ ಪೌಂಡ್ ತೆರಬೇಕಾಯಿತು.

ಇಷ್ಟೆಲ್ಲ ಇದ್ದರೂ ಆಟದ ಲೆಕ್ಕ ಬದಲಾಗೋದಿಲ್ಲ. ಒಂದು ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆ. ಮನೆಗೆ 100ರಂತೆ 3,700 ರೂಪಾಯಿ ಇಟ್ಟರೆ, ಗೆದ್ದ ಮನೆಯಿಂದ ಕೈಗೆ ಬರೋದು 3,600. ಮೋಸವಿಲ್ಲದ ಚಕ್ರದ ಲೆಕ್ಕ ಇದು! ಅಂದರ್-ಬಾಹರ್ ಆಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಮೊಬೈಲಿನ ಮುದ್ರೆ ನೋಡಿ. ಎಷ್ಟೋ ಸೈಟುಗಳಲ್ಲಿ ಕುರಸಾವೊ ಅಂತಿರುತ್ತದೆ. ಅದು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪ. ಗೆದ್ದ ಹಣ ಬರಲಿಲ್ಲ ಅಂತ ಹೊಸೂರಿನಿಂದ ಯಾರು ಅಲ್ಲಿಗೆ ಹೋಗಿ ಕೇಳ್ತಾರೆ? ಆ ಲೈಸೆನ್ಸ್ ಇಲ್ಲಿ ನಡೆಯೋದೂ ಇಲ್ಲ. ತಮಿಳುನಾಡಿನ 2022ರ ಕಾಯ್ದೆ ಆನ್‌ಲೈನ್ ಜೂಜನ್ನು ನಿಷೇಧಿಸಿದೆ. ಆಡಿದವನಿಗೂ ಅದರಲ್ಲಿ 3 ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ ಉಂಟು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದ ಕಾಯ್ದೆಯಲ್ಲಿ, ಆಡಿಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ತನಕ ದಂಡ.

ಇನ್ನೊಂದು ಮಾತು, ಇದು ಮುಖ್ಯ. ಇಂಥ ಸೈಟಿನವರು ತಮ್ಮ ಹೆಸರಿನಲ್ಲಿ ಹಣ ತೆಗೆದುಕೊಳ್ಳೋಕಾಗಲ್ಲ, ಅದಕ್ಕೆ ನಿಮ್ಮ ಖಾತೆ ಬೇಕು. 'ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ಕಮಿಷನ್ ಕೊಡ್ತೀವಿ' ಅಂತ ಯಾರೇ ಬಂದರೂ ಕೊಡಬೇಡಿ. ದೂರು ಬಂದ ದಿನ ಪೊಲೀಸರು ಹುಡುಕೋದು ಖಾತೆ ಯಾರ ಹೆಸರಲ್ಲಿದೆ ಅಂತ. ನಿಮ್ಮ ಸ್ಕಾಲರ್‌ಶಿಪ್ ಬರೋದೂ ಅದೇ ಖಾತೆಗಾದರೆ ಅದೂ ಸಿಕ್ಕಿಹಾಕಿಕೊಳ್ಳುತ್ತದೆ. ಈಗಾಗಲೇ ಕೊಟ್ಟಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ನಿಲ್ಲಿಸಿ. ಮೋಸದಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಒಬ್ಬರೇ ಹೋಗೋಕೆ ಅಂಜಿಕೆಯಾದರೆ ಹೇಳಿ, ಸಂಘದವರು ಜೊತೆಗೆ ಬರ್ತೀವಿ.