ವಾಚನಾಲಯದ ಜಾಲಪೆಟ್ಟಿಗೆ: ಒಂದು ಅರಿಕೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಜೆ ಏಳರ ಮೇಲೆ ನಮ್ಮ ವಾಚನಾಲಯದಲ್ಲಿ ಅಂತರಜಾಲ ಆಮೆಯ ನಡಿಗೆ ನಡೆಯುತ್ತದೆಂಬ ದೂರು ಕಳೆದ ಮಳೆಗಾಲದಿಂದ ನಮ್ಮ ಕಿವಿಗೆ ಬೀಳುತ್ತಲೇ ಇದ್ದಿತು. ಹೋಟೆಲಿನ ಪಾಳಿ ಮುಗಿಸಿ, ಕಚೇರಿ ಬಿಟ್ಟು, ಲೋಕಲಿನ ನೂಕುನುಗ್ಗಲಿನಲ್ಲಿ ಬಂದ ಬಂಧುಗಳು ಅರ್ಜಿಯ ಒಂದು ಪುಟ ತೆರೆಯುವುದಕ್ಕಾಗಿ ಕಾದು ಕುಳಿತಿರುವುದನ್ನು ನೋಡಿ ನಮಗೂ ನೋವಾಗುತ್ತಿತ್ತು. ಅದಕ್ಕೆ ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ನಿಮ್ಮ ಮುಂದಿಡಬೇಕಾಗಿದೆ. ಹಣ ನಿಮ್ಮ ವಂತಿಗೆಯದು. ಲೆಕ್ಕವೂ ನಿಮಗೇ ಸಲ್ಲಬೇಕು.

ಈ ಮೇಜಿನ ಮೇಲಿರುವ ದಿನಪತ್ರಿಕೆಯನ್ನು ನೋಡಿ. ಒಂದೇ ಪ್ರತಿ, ಓದುವವರು ನಲವತ್ತು ಮಂದಿ. ಪ್ರತಿಯೊಬ್ಬ ಓದುಗನಿಗಾಗಿ ಒಬ್ಬ ಹುಡುಗನನ್ನು ಪೇಟೆಗೆ ಓಡಿಸುವುದಿಲ್ಲವಷ್ಟೆ. ಹೊರಗಿನ ತಂತಿಗೂ ನಮ್ಮ ಆರು ಗಣಕಯಂತ್ರಗಳಿಗೂ ನಡುವೆ ಕುಳಿತಿರುವ ಜಾಲಪೆಟ್ಟಿಗೆಗೆ ನಾವು ಕಲಿಸಹೊರಟದ್ದು ಇದನ್ನೇ. ಒಬ್ಬರು ಕೇಳಿದ ಪುಟದ ಪ್ರತಿಯನ್ನು ಇಟ್ಟುಕೊಂಡಿದ್ದು, ಇನ್ನೊಬ್ಬರು ಕೇಳಿದಾಗ ಅದನ್ನೇ ಕೊಡುವುದು. ಇದಕ್ಕೆ ‘ಕ್ಯಾಶ್’ ಎಂದು ಹೆಸರು. ಗುಮಾಸ್ತ ಬಂಧುಗಳಿಗೆ ರೊಕ್ಕದ ಪೆಟ್ಟಿಗೆ ನೆನಪಾದೀತು. ಉಚ್ಚಾರ ಒಂದೇ ಆದರೂ ಇದು ದಾಸ್ತಾನು.

ಈ ಉಪಾಯ ಹೊಸದಲ್ಲ. ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಜಾಲಪುಟಗಳು ಹುಟ್ಟಿದ ಕೆಲವೇ ವರ್ಷಗಳಲ್ಲಿ, ೧೯೯೪ರ ಹೊತ್ತಿಗೇ, ಇಂತಹ ಮಧ್ಯವರ್ತಿ ಯಂತ್ರಗಳು ಕೆಲಸಕ್ಕೆ ಬಂದಿದ್ದವು. ೧೯೯೬ರಲ್ಲಿ ಆರಂಭವಾದ ‘ಸ್ಕ್ವಿಡ್’ ಎಂಬ ತಂತ್ರಾಂಶವನ್ನು ಇಂದಿಗೂ ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದು. ನಮ್ಮ ಪೆಟ್ಟಿಗೆಯೊಳಗಿರುವುದೂ ಅದೇ.

ಆದರೆ ದಾಸ್ತಾನೆಂದ ಮೇಲೆ ಹಳಸುವ ಮಾತೂ ಬರುತ್ತದೆ. ಪಂಚಾಂಗ ಯುಗಾದಿಯಿಂದ ಯುಗಾದಿಯವರೆಗೆ ನಡೆದೀತು. ದಿನಪತ್ರಿಕೆ ಮರುದಿನಕ್ಕೆ ರದ್ದಿ. ಆದುದರಿಂದ ಪುಟ ಕಳುಹಿಸುವ ತಾಣವೇ ಅದರ ಜೊತೆಗೆ ಒಂದು ಚೀಟಿ ಇಟ್ಟಿರುತ್ತದೆ. ೮೬೪೦೦ ಎಂದು ಬರೆದಿದ್ದರೆ ಅಷ್ಟು ಸೆಕೆಂಡು, ಅಂದರೆ ಒಂದು ದಿನ, ಇಟ್ಟುಕೊಳ್ಳಬಹುದು. ‘ಇಡಲೇ ಕೂಡದು’ ಎಂದಿದ್ದರೆ ಇಡಬಾರದು. ಅವಧಿ ಮುಗಿದ ಬಳಿಕ ಪೆಟ್ಟಿಗೆಯು ‘ಇದು ಬದಲಾಗಿದೆಯೇ?’ ಎಂದು ತಾಣವನ್ನು ಕೇಳುತ್ತದೆ. ಬದಲಾಗಿರದಿದ್ದರೆ ೩೦೪ ಎಂಬ ಸಂಖ್ಯೆಯ ಚಿಕ್ಕ ಉತ್ತರ ಬರುತ್ತದೆ. ಇಡೀ ಪುಟ ಮತ್ತೆ ಬರಬೇಕಾಗಿಲ್ಲ.

ನಾವು ಎಡವಿದ್ದು ಇಲ್ಲಿಯೇ. ವೇಗದ ಆಸೆಗೆ ಬಿದ್ದು, ‘ಚೀಟಿಯಲ್ಲಿ ಏನೇ ಇರಲಿ, ಎಲ್ಲವನ್ನೂ ಮೂರು ದಿನ ಇಟ್ಟುಕೋ’ ಎಂದು ಪೆಟ್ಟಿಗೆಗೆ ಅಪ್ಪಣೆ ಮಾಡಿದೆವು. ಜಾಲ ಓಡತೊಡಗಿತು, ನಾವೂ ಬೀಗಿದೆವು. ಅದೇ ವಾರ ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹೋಟೆಲ್ ಹುಡುಗನೊಬ್ಬ ನೌಕರಿಯ ಸಂದರ್ಶನದ ದಿನವನ್ನು ಇಲ್ಲಿ ಕುಳಿತು ನೋಡಿಕೊಂಡ. ಸಂದರ್ಶನ ಎರಡು ದಿನ ಮೊದಲೇ ನಡೆಯುವುದೆಂದು ಪ್ರಕಟಣೆ ಬದಲಾಗಿತ್ತು. ನಮ್ಮ ಪೆಟ್ಟಿಗೆ ಹಳೆಯ ಪುಟವನ್ನೇ ಕೊಡುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಹೋದಾಗ ಅಲ್ಲಿ ಎಲ್ಲ ಮುಗಿದುಹೋಗಿತ್ತು. ಅವನು ನಮ್ಮನ್ನು ಬೈಯಲಿಲ್ಲ. ಮರುದಿನ ಬಂದು, “ಅಣ್ಣಾ, ಈ ಪುಟ ಇನ್ನೂ ಹಳೆಯದನ್ನೇ ತೋರಿಸುತ್ತಿದೆ. ಬೇರೆ ಯಾರಿಗೂ ಹೀಗಾಗದ ಹಾಗೆ ನೋಡಿಕೊಳ್ಳಿ,” ಎಂದಷ್ಟೇ ಹೇಳಿದ. ತಪ್ಪು ಪೆಟ್ಟಿಗೆಯದಲ್ಲ, ನಮ್ಮದು. ಆ ಅಪ್ಪಣೆಯನ್ನು ಅಂದೇ ಅಳಿಸಿದೆವು.

ಎರಡನೆಯ ವಿಷಯ. ಇಂದು ಜಾಲದ ಬಹುಪಾಲು ವ್ಯವಹಾರ ‘ಎಚ್‌ಟಿಟಿಪಿಎಸ್’ ಎಂಬ ಮೊಹರಿನ ಲಕೋಟೆಯಲ್ಲಿ ಸಾಗುತ್ತದೆ. ಆ ಹುಡುಗ ನೋಡಿದ ಪುಟ ಮೊಹರಿಲ್ಲದ ಹಳೆಯ ಬಗೆಯದಾಗಿತ್ತು. ಮೊಹರಿನ ಲಕೋಟೆಯೊಳಗೆ ಏನಿದೆಯೆಂದು ಪೆಟ್ಟಿಗೆಗೆ ಕಾಣದು. ಕಾಣದ್ದನ್ನು ದಾಸ್ತಾನು ಮಾಡಲಾಗದು. ಗಣಕಯಂತ್ರಗಳಲ್ಲೆಲ್ಲ ನಮ್ಮದೇ ಒಂದು ಪ್ರಮಾಣಪತ್ರ ಹಾಕಿದರೆ ಲಕೋಟೆಯನ್ನು ಒಡೆದು, ನೋಡಿ, ಮತ್ತೆ ಅಂಟಿಸಬಹುದೆಂದು ತಿಳಿದವರೊಬ್ಬರು ಸಲಹೆಯಿತ್ತರು. ಇದು ಆಗುವ ಕೆಲಸವೇ. ಆದರೆ ಇಲ್ಲಿ ಕುಳಿತು ನೀವು ಊರಿಗೆ ಹಣ ಕಳಿಸುತ್ತೀರಿ, ಬ್ಯಾಂಕಿನ ಗುಟ್ಟುಪದ ಒತ್ತುತ್ತೀರಿ. ಎರಡು ನಿಮಿಷ ಉಳಿಸಲೆಂದು ನಿಮ್ಮ ಕಾಗದ ಒಡೆಯುವ ಅಧಿಕಾರ ನಮಗಿಲ್ಲ. ಕಾರ್ಯಕಾರಿ ಸಮಿತಿ ಒಮ್ಮತದಿಂದ ಬೇಡವೆಂದಿತು.

ಹಾಗಾದರೆ ಲಾಭವೇನು ಉಳಿಯಿತು? ಸಾಕಷ್ಟು ಉಳಿಯಿತು. ಮೊದಲನೆಯದಾಗಿ, ತಾಣಗಳ ಹೆಸರಿಗೆ ತಕ್ಕ ಅಂಕಿಯ ವಿಳಾಸವನ್ನು ಪೆಟ್ಟಿಗೆಯೇ ನೆನಪಿಟ್ಟುಕೊಳ್ಳುತ್ತದೆ. ಮೊಹರಿನ ತಾಣಗಳಿಗೂ ಇದರಿಂದ ಅನುಕೂಲ. ಎರಡನೆಯದು, ವಿಂಡೋಸಿನ ಪರಿಷ್ಕರಣೆಗಳು. ಒಂದು ಯಂತ್ರ ತಂದುಕೊಂಡದ್ದನ್ನು ಒಳಜಾಲದ ಉಳಿದ ಯಂತ್ರಗಳಿಗೆ ಹಂಚುವ ಏರ್ಪಾಡು ವಿಂಡೋಸಿನಲ್ಲಿಯೇ ಇದೆ. ಅದನ್ನು ಚಾಲೂ ಮಾಡಿದೆವು. ಮೂರನೆಯದು, ಸ್ಕ್ವಿಡ್ ತಾನಾಗಿ ೪ ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಇಟ್ಟುಕೊಳ್ಳುವುದಿಲ್ಲ. ಮೊಹರಿಲ್ಲದೆ ಬರುವ ದೊಡ್ಡ ಕಡತಗಳಿಗಾಗಿ ಆ ಮಿತಿಯನ್ನು ಏರಿಸಿದೆವು. ನಾಲ್ಕನೆಯದು, ಸಂಜೆ ಆರರಿಂದ ಒಂಬತ್ತರವರೆಗೆ ಚಲಚ್ಚಿತ್ರಗಳಿಗೆ ವೇಗದ ಒಂದು ಪಾಲನ್ನು ಮಾತ್ರ ಬಿಟ್ಟು, ಅರ್ಜಿ ತುಂಬುವವರಿಗೆ ದಾರಿ ಮಾಡಿಕೊಟ್ಟೆವು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಹೆಚ್ಚಿನ ಗುಣ ಕಂಡದ್ದು ಈ ಕೊನೆಯದರಿಂದ.

ನಿಮ್ಮಲ್ಲಿ ಎರಡೇ ಬಿನ್ನಹ. ದಿನಾಂಕ, ಫಲಿತಾಂಶ, ಕೊನೆಯ ತಾರೀಖು ನೋಡುವಾಗ ಕಂಟ್ರೋಲ್ ಕೀಲಿಯನ್ನು ಹಿಡಿದು ಎಫ್-೫ ಒತ್ತಿರಿ. ದಾಸ್ತಾನಿನ ಪ್ರತಿಯನ್ನು ಬಿಟ್ಟು ಮೂಲ ತಾಣದಿಂದಲೇ ಹೊಸ ಪುಟ ಬರುತ್ತದೆ. ಬ್ಯಾಂಕಿನ ಕೆಲಸವಾದ ಮೇಲೆ ಖಾತೆಯಿಂದ ಹೊರಬಂದು ಎದ್ದೇಳಿರಿ.

ಆ ಹುಡುಗ ಈಗಲೂ ಪ್ರತಿ ಸಂಜೆ ಬರುತ್ತಾನೆ; ಇನ್ನೊಂದು ಅರ್ಜಿ ಹಾಕಿದ್ದಾನೆ. ಅವನಿಗೆ ಕೆಲಸ ಸಿಗಲೆಂದು ನೀವೆಲ್ಲರೂ ಹಾರೈಸಬೇಕು. ವೇಗ ಬೇಕು, ನಿಜ. ಆದರೆ ಈ ಬಾಗಿಲೊಳಗೆ ಬಂದವನಿಗೆ ಸಿಗುವ ಸುದ್ದಿ ಸರಿಯಾಗಿರಬೇಕು, ಅವನ ಗುಟ್ಟು ಅವನಲ್ಲೇ ಉಳಿಯಬೇಕು.