ಮುಂದೋಡುವ ಮಗುವಿಗೆ ಮಾಂಟೆಸರಿ

ನಾಲ್ಕು ವರ್ಷಕ್ಕೇ ಓದಲು ಕಲಿತ ಮಗುವಿಗೆ ಮಾಂಟೆಸರಿ ಶಾಲೆ ಒಗ್ಗುತ್ತದೆಯೇ? 1907ರಲ್ಲಿ ಮರಿಯಾ ಮಾಂಟೆಸರಿ ರೋಮ್‌ನಲ್ಲಿ ತೆರೆದ ‘ಮಕ್ಕಳ ಮನೆ’ ಎಂಬ ಶಾಲೆ ಪ್ರತಿಭಾವಂತರಿಗೆಂದು ಹುಟ್ಟಿದ್ದಲ್ಲ. ಅಲ್ಲಿಗೆ ಬಂದವರು ಬಡ ಕೂಲಿಕಾರರ ಮಕ್ಕಳು. ಆದರೂ ಚುರುಕು ಮಗುವಿಗೆ ಮಾಂಟೆಸರಿ ಶಾಲೆಯಲ್ಲಿ ದೊಡ್ಡದೊಂದು ಅನುಕೂಲವಿದೆ: ಉಳಿದವರಿಗಾಗಿ ಕಾಯಬೇಕಿಲ್ಲ. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿರುತ್ತಾರೆ. ಬಿಡಿ ಮಣಿ, ಹತ್ತರ ಸರ, ನೂರರ ಚೌಕ, ಸಾವಿರದ ಘನ, ಈ ಮಣಿ ಸಾಮಗ್ರಿಯನ್ನು ಕೈಯಲ್ಲಿ ಹಿಡಿದೇ ಐದರ ಮಗು ಸಾವಿರಗಳ ಲೆಕ್ಕ ಕೂಡಬಹುದು.

ತೊಡಕಿರುವುದು ಬೇರೆಡೆ. ಸಾಮಗ್ರಿಯನ್ನು ಹೀಗೇ, ಈ ಕ್ರಮದಲ್ಲೇ ಬಳಸಬೇಕೆಂದು ಶಿಕ್ಷಕಿ ಪಟ್ಟುಹಿಡಿದರೆ ಇಂಥ ಮಗು ಬೇಗ ಬೇಸರಗೊಳ್ಳುತ್ತದೆ. ಕಥೆ ಕಟ್ಟುವ, ವಾದ ಹೂಡುವ ಮಗುವಿಗಂತೂ ಇನ್ನೂ ಇಕ್ಕಟ್ಟು. ಹಾಗಾಗಿ, ಬಾಗಿಲ ಮೇಲಿನ ಫಲಕವನ್ನಷ್ಟೇ ನಂಬದೆ, ಅರ್ಧ ಗಂಟೆ ತರಗತಿಯಲ್ಲಿ ಕೂರಲು ಕೇಳಿ. ಕೂಡುವ ಲೆಕ್ಕ ಮುಗಿಸಿದ ಮಗು ಗುಣಾಕಾರದ ಸಾಮಗ್ರಿಗೆ ಕೈಹಾಕಿದಾಗ ಶಿಕ್ಷಕಿ ಏನು ಮಾಡುತ್ತಾರೆ, ನೋಡಿ.