ದಕ್ಷಿಣ ಧ್ರುವದ ಗಾಳಿ, ಗಂಗೊಳ್ಳಿಯ ಅಲೆ

(ಉಪನ್ಯಾಸವೊಂದರ ಲೇಖನ ರೂಪ)



ಗಂಗೊಳ್ಳಿಯ ಅಳಿವೆ ದಾಟಿ ಆಳಕಡಲಿಗೆ ಇಳಿದ ದೋಣಿಯೊಂದು ಎಲ್ಲಿಯೂ ತಿರುಗದೆ ತೆಂಕಿಗೇ ಸಾಗಿದರೆ ಕೊನೆಗೆ ಎಲ್ಲಿ ಮುಟ್ಟೀತು? ಎಡಗಡೆ ಕೇರಳದ ಕರಾವಳಿ ಮುಗಿಯುತ್ತದೆ. ಬಲಗಡೆ ಲಕ್ಷದ್ವೀಪ, ಮಾಲ್ಡೀವ್ಸ್ ಹಿಂದೆ ಬೀಳುತ್ತವೆ. ಆಮೇಲೆ ಯಾವ ಭೂಖಂಡವೂ ಅಡ್ಡ ಬರುವುದಿಲ್ಲ. ಸುಮಾರು 9,000 ಕಿ.ಮೀ. ಕಳೆದ ಮೇಲೆ ಸಿಗುವ ನೆಲವೆಂದರೆ ಅಂಟಾರ್ಕ್ಟಿಕಾ. ಹೆಚ್ಚು ಕಡಿಮೆ ನಮ್ಮದೇ ರೇಖಾಂಶದಲ್ಲಿ, ಅದರ ಅಂಚಿನಲ್ಲಿ, 2012ರಲ್ಲಿ ಆರಂಭವಾದ ಭಾರತದ ಸಂಶೋಧನಾ ಕೇಂದ್ರ 'ಭಾರತಿ' ನಿಂತಿದೆ.

ಇದು ಬರಿಯ ಕುತೂಹಲದ ಸಂಗತಿಯಲ್ಲ. ನಡುವೆ ತಡೆಯಿಲ್ಲದ ಕಾರಣ, ಅಂಟಾರ್ಕ್ಟಿಕಾದ ಸುತ್ತಣ ಕಡಲಿನಲ್ಲಿ ಎದ್ದ ಬಿರುಗಾಳಿಯ ಅಲೆ ಪಂಚಗಂಗಾವಳಿಯ ಅಳಿವೆಯವರೆಗೂ ಬರಬಲ್ಲದು. ಅದೇ ಬಿರುಗಾಳಿ ಅಲ್ಲಿನ ಮಂಜುಗಡ್ಡೆಯನ್ನೂ ಬೆಳೆಸುತ್ತದೆ, ಮುರಿಯುತ್ತದೆ. ಆದ್ದರಿಂದ ಧ್ರುವದ ಹವಾಮಾನ ಗಂಗೊಳ್ಳಿಯ ಬಂದರಿಗೆ ದೂರದ ಸುದ್ದಿಯಲ್ಲ.

ಅಂಟಾರ್ಕ್ಟಿಕಾ ಭೂಖಂಡದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿ.ಮೀ., ಅಂದರೆ ಭಾರತದ ನಾಲ್ಕು ಪಟ್ಟಿಗಿಂತ ಹೆಚ್ಚು. ಅದರ ಮೇಲಿನ ಮಂಜುಗಡ್ಡೆಯ ಸರಾಸರಿ ದಪ್ಪ ಸುಮಾರು ಎರಡು ಕಿ.ಮೀ. ಈ ಭಂಡಾರಕ್ಕೆ ಆದಾಯವೂ ಇದೆ, ಖರ್ಚೂ ಇದೆ. ಬೀಳುವ ಹಿಮ ಆದಾಯ. ಭೂಮಿಯ ಮೇಲಿನ ಗಡ್ಡೆ ತನ್ನದೇ ಭಾರಕ್ಕೆ ನಿಧಾನವಾಗಿ ಕಡಲಿನತ್ತ ಜರುಗಿ, ಕೊನೆಗೆ ಕರಗುವುದು ಇಲ್ಲವೇ ಮುರಿದು ತೇಲಿಹೋಗುವುದು ಖರ್ಚು. ದಡ ದಾಟಿ ನೀರಿನ ಮೇಲೆ ಚಾಚಿ ನಿಂತ ಭಾಗವನ್ನು ಹಿಮದ ಜಗಲಿ ಎನ್ನಬಹುದು. ಜಗಲಿ ಗಟ್ಟಿಯಿದ್ದಷ್ಟು ದಿನ ಹಿಂದಿನ ಗಡ್ಡೆಗೆ ಅದೊಂದು ತಡೆ.

ಇಂಥ ಜಗಲಿಯ ಮೇಲೆಯೇ ಭಾರತ ತನ್ನ ಮೊದಲ ಕೇಂದ್ರವನ್ನು ಕಟ್ಟಿತ್ತು. ಡಾ. ಎಸ್.ಝಡ್. ಖಾಸಿಂ ನೇತೃತ್ವದ ಪ್ರಥಮ ತಂಡ 1982ರ ಜನವರಿಯಲ್ಲಿ ಅಂಟಾರ್ಕ್ಟಿಕಾ ತಲುಪಿತು. 1983-84ರ ಮೂರನೆಯ ಯಾತ್ರೆಯಲ್ಲಿ 'ದಕ್ಷಿಣ ಗಂಗೋತ್ರಿ' ಎದ್ದು ನಿಂತಿತು. ಆದರೆ ಗಾಳಿ ಹೊತ್ತು ತಂದ ಹಿಮ ವರ್ಷದಿಂದ ವರ್ಷಕ್ಕೆ ರಾಶಿಬಿದ್ದು ಕಟ್ಟಡವನ್ನು ಮುಚ್ಚುತ್ತಾ ಬಂತು. 1990ರ ಹೊತ್ತಿಗೆ ಅದನ್ನು ಬಿಡಬೇಕಾಯಿತು. ಅಷ್ಟರಲ್ಲಿ ಬಂಡೆಯ ನೆಲದ ಮೇಲೆ 'ಮೈತ್ರಿ' ಸಿದ್ಧವಾಗಿತ್ತು. ಧ್ರುವದಲ್ಲಿ ಗಾಳಿಯೇ ಯಜಮಾನ ಎಂಬ ಪಾಠವನ್ನು ಭಾರತೀಯರು ಕಲಿತದ್ದು ಹೀಗೆ.

ಈ ಗಾಳಿ ಎರಡು ಬಗೆಯದು. ಒಂದು ಒಳನಾಡಿನದು. ಎತ್ತರದ ಹಿಮದ ಮೇಲೆ ತಣಿದು ಭಾರವಾದ ಗಾಳಿ, ಗುಡ್ಡದಿಂದ ನೀರು ಇಳಿಯುವಂತೆ ಕರಾವಳಿಗೆ ನುಗ್ಗುತ್ತದೆ. ಇನ್ನೊಂದು ಕಡಲಿನದು. ಅಂಟಾರ್ಕ್ಟಿಕಾದ ಸುತ್ತ ವಾಯುಭಾರ ಕುಸಿತಗಳು ಪಶ್ಚಿಮದಿಂದ ಪೂರ್ವಕ್ಕೆ ಒಂದರ ಹಿಂದೊಂದು ಸುತ್ತುತ್ತಲೇ ಇರುತ್ತವೆ. ತಡೆಯಲು ಅಲ್ಲಿ ಬೆಟ್ಟವಿಲ್ಲ, ನೆಲವಿಲ್ಲ. ಹಾಯಿಹಡಗಿನ ಕಾಲದ ನಾವಿಕರು ಆ ಅಕ್ಷಾಂಶಗಳನ್ನು 'ಗರ್ಜಿಸುವ ನಲವತ್ತು' ಎಂದು ಕರೆದದ್ದು ಸುಮ್ಮನೆ ಅಲ್ಲ.

ಕಡಲಿನ ಗಾಳಿ ಕೊಡುತ್ತದೆ, ಕಸಿಯುತ್ತದೆ ಕೂಡ. 2022ರ ಮಾರ್ಚ್‌ನಲ್ಲಿ ಉತ್ತರದ ಬೆಚ್ಚನೆಯ ತೇವದ ಗಾಳಿ ಒಳನಾಡಿನವರೆಗೆ ನುಗ್ಗಿತು. ಕಾನ್ಕಾರ್ಡಿಯಾ ಕೇಂದ್ರದಲ್ಲಿ ಉಷ್ಣತೆ ವಾಡಿಕೆಗಿಂತ 38 ಡಿಗ್ರಿಗೂ ಹೆಚ್ಚು ಏರಿತು. ಅದೇ ಗಾಳಿ ಪೂರ್ವ ಅಂಟಾರ್ಕ್ಟಿಕಾದಲ್ಲಿ ಅಪಾರ ಹಿಮವನ್ನೂ ಸುರಿಸಿ ಭಂಡಾರಕ್ಕೆ ಆದಾಯ ತಂದಿತು. ಆದರೆ ಆ ದಿನಗಳಲ್ಲೇ, ಮೊದಲೇ ಸವೆದಿದ್ದ ಕಾಂಗರ್ ಎಂಬ ಹಿಮದ ಜಗಲಿ ಕುಸಿದುಹೋಯಿತು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಸಮುದ್ರ ಇಂಥ ಜಗಲಿಗಳಿಗೆ ಅಲೆಗಳಿಂದ ರಕ್ಷಣೆ ಕೊಡುತ್ತದೆ. ಆ ಹೆಪ್ಪು ತೆಳುವಾದಾಗ ಅಲೆಗಳು ನೇರವಾಗಿ ಬಡಿದು ಜಗಲಿಯನ್ನು ಬಾಗಿಸಿ ಬಿರುಕು ಬಿಡಿಸುತ್ತವೆ. 2023ರ ಫೆಬ್ರವರಿಯಲ್ಲಿ ಈ ಕಡಲಮಂಜು ಅಲ್ಲಿಯವರೆಗಿನ ಉಪಗ್ರಹ ದಾಖಲೆಯಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಿತ್ತು.

ಅಂಥ ಬಿರುಗಾಳಿಗಳ ಅಲೆಗಳು ದಕ್ಷಿಣಕ್ಕಷ್ಟೇ ಹೋಗುವುದಿಲ್ಲ, ಉತ್ತರಕ್ಕೂ ಹೊರಡುತ್ತವೆ. ಆಳಕಡಲಲ್ಲಿ ಅವು ಉದ್ದವಾದ, ಎತ್ತರವಿಲ್ಲದ ಅಲೆಗಳು. ದೋಣಿಯಲ್ಲಿ ಕುಳಿತವನಿಗೆ ಹಾಯ್ದುಹೋದದ್ದೇ ತಿಳಿಯದು. ನಾಲ್ಕಾರು ದಿನಗಳ ಪಯಣದ ಬಳಿಕ, ನಮ್ಮ ಕರಾವಳಿಯ ಆಳವಿಲ್ಲದ ನೀರಿಗೆ ಬಂದಾಗ ಅವು ತಲೆಯೆತ್ತುತ್ತವೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ. ಆದರೂ ಕಡಲು ಉಕ್ಕಿ ದಡಕ್ಕೆ ನುಗ್ಗುತ್ತದೆ. ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು ಎಂಬ ಆ ಮಾತಿಗೆ ಕನ್ನಡಿಗರಿಗೆ ಅನುವಾದ ಬೇಕಿಲ್ಲ. ಯುನೆಸ್ಕೊ 2012ರಲ್ಲಿ ಈ ಹೆಸರನ್ನೇ ಅಂಗೀಕರಿಸಿತು. ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳಲ್ಲಿ, ಇದರ ಕಾಟ ಹೆಚ್ಚು.

ಗಂಗೊಳ್ಳಿಗೆ ಇದರ ಅರ್ಥವೇನು? ನದಿಗಳು ತಂದ ಮರಳಿನಿಂದ ಅಳಿವೆಗಳಲ್ಲಿ ಆಳ ಕಡಿಮೆಯಾಗುತ್ತದೆ. ಆಳ ಕಡಿಮೆಯಾದಲ್ಲೇ ಉದ್ದನೆಯ ಅಲೆ ಒಡೆಯುತ್ತದೆ. ಮೀನು ತುಂಬಿ ಮರಳುವ ದೋಣಿ ದಾಟಬೇಕಾದ ದಾರಿಯೂ ಅದೇ. ಆಕಾಶ ನೋಡಿ ಕಡಲನ್ನು ಅಳೆಯುವುದು ತಲೆಮಾರುಗಳ ವಿದ್ಯೆ. ಅದು ದೊಡ್ಡ ವಿದ್ಯೆಯೇ. ಆದರೆ 6,000 ಕಿ.ಮೀ. ಆಚೆಯ ಬಿರುಗಾಳಿ ನಮ್ಮ ಆಕಾಶದಲ್ಲಿ ಯಾವ ಗುರುತನ್ನೂ ಬರೆಯುವುದಿಲ್ಲ. ಅದನ್ನು ಉಪಗ್ರಹವೇ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಆ ಬಿರುಗಾಳಿಗಳನ್ನು ಗಮನಿಸಿ, ಅಲೆ ಮುಟ್ಟುವ ಮುನ್ನವೇ ಎಚ್ಚರಿಕೆ ಹೊರಡಿಸುತ್ತದೆ. ಬಿಸಿಲು ಕಾಯುತ್ತಿರುವ ದಿನ ಆ ಎಚ್ಚರಿಕೆ ಬಂದರೆ ನಗುವವರಿದ್ದಾರೆ. ನಗಬಾರದು.

ಇದು ನಾಲ್ಕಾರು ದಿನಗಳಲ್ಲಿ ಬರುವ ಅಲೆಯ ಮಾತಾಯಿತು. ದಶಕಗಳಲ್ಲಿ ಬರುವ ಇನ್ನೊಂದು ಏರಿಕೆಯಿದೆ. ತೇಲುವ ಜಗಲಿ ಮುರಿದರೆ ಅಷ್ಟರಿಂದಲೇ ಕಡಲು ಏರದು. ಆದರೆ ತಡೆ ಹೋದ ಮೇಲೆ ಹಿಂದಿನ ಗಡ್ಡೆ ಬೇಗ ಜರುಗುತ್ತದೆ. 2002ರಲ್ಲಿ ಲಾರ್ಸನ್-ಬಿ ಎಂಬ ಜಗಲಿ ಕೆಲವೇ ವಾರಗಳಲ್ಲಿ ಪುಡಿಯಾದ ಮೇಲೆ ಆದದ್ದು ಇದೇ. 1992ರಿಂದ 2020ರವರೆಗೆ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾ ಕಳೆದುಕೊಂಡ ಮಂಜುಗಡ್ಡೆಯಿಂದ ಜಗತ್ತಿನ ಸಮುದ್ರಮಟ್ಟ ಸುಮಾರು 21 ಮಿ.ಮೀ. ಏರಿದೆ. ಬೆರಳಿನ ಅಗಲವಷ್ಟೇ ಎನ್ನಬಹುದು. ಆದರೆ ಇನ್ನು ಮುಂದಿನ ಪ್ರತಿ ಅಲೆಯೂ ಆ ಬೆರಳಿನ ಮೇಲೆ ನಿಂತೇ ಬರುತ್ತದೆ. ತಡೆಗೋಡೆಯ ಎತ್ತರ ಮಾತ್ರ ಕಟ್ಟಿದಷ್ಟೇ ಇರುತ್ತದೆ.

ಆದ್ದರಿಂದ ಗಂಗೊಳ್ಳಿಯ ಮಕ್ಕಳು ಶಾಲೆಯ ಗೋಡೆಯ ಭೂಪಟದಲ್ಲಿ ತಮ್ಮ ಊರಿನಿಂದ ಕೆಳಕ್ಕೆ ಒಂದು ಗೆರೆ ಎಳೆದು ನೋಡಲಿ. ಆ ಗೆರೆ ಮುಟ್ಟುವ ಬಿಳಿಯ ನಾಡಿನ ಹವಾಮಾನವೂ ತಮ್ಮ ಊರಿನ ಹವಾಮಾನವೇ ಎಂಬುದು ಅವರಿಗೆ ತಿಳಿದೀತು.